ಬೆನ್ನಿನ ಸೂಜಿ ಮತ್ತು ಮರೆತುಹೋದ ಮೂತ್ರಚೀಲ: ಎಪಿಡ್ಯೂರಲ್ ಹೆರಿಗೆಗೆ ತಯಾರಾಗುವವರಿಗೆ

ಮೊದಲ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ನನಗೆ ಬಯಲಾಟ ನೋಡುವ ಧೈರ್ಯವೇ ಹೋಗಿತ್ತು. ಹಾಸ್ಯಗಾರ ರಂಗಕ್ಕೆ ಬಂದರೆ ನಗು ತಡೆಯುವುದಿಲ್ಲ. ನಕ್ಕರೆ ಮೂತ್ರ ತಡೆಯುವುದಿಲ್ಲ. ಬದಿಯಡ್ಕದ ಹತ್ತಿರ ಒಂದು ಗದ್ದೆಯಲ್ಲಿ ಆಟ. ಕೊನೆಯ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ತುಟಿ ಕಚ್ಚಿಕೊಂಡು ಕುಳಿತಿದ್ದೆ. ಪಕ್ಕದವರು ನನಗೆ ಆಟ ಹಿಡಿಸಲಿಲ್ಲ ಅಂದುಕೊಂಡಿರಬೇಕು.

ಮನೆಯಲ್ಲಿ ಎಲ್ಲರೂ ದೂರಿದ್ದು ಎಪಿಡ್ಯೂರಲ್ ಅನ್ನು, ಅಂದರೆ ಹೆರಿಗೆಯ ನೋವು ಇಳಿಸಲು ಬೆನ್ನಿಗೆ ಕೊಡುವ ಮದ್ದನ್ನು. "ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಬೇಡ ಅಂದಿದ್ದೆ, ಈಗ ನೋಡು" ಅಂದರು ಅತ್ತೆ. ನಾನೂ ಅದನ್ನೇ ನಂಬಿದ್ದೆ. ಎರಡನೇ ಸಲ ಬಸುರಿಯಾದಾಗ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಮಾತಾಡಿದ ಮೇಲೆ ನಿಜ ಗೊತ್ತಾಯಿತು. ಸೂಜಿಯ ಪಾಡಿಗೆ ಸೂಜಿ ಸರಿಯಾಗಿಯೇ ಕೆಲಸ ಮಾಡಿತ್ತು. ಆದರೆ ಮೈ ಮರಗಟ್ಟಿದ್ದ ಹೊತ್ತಿನಲ್ಲಿ ನನ್ನ ಮೂತ್ರಚೀಲದ ಕಡೆ ಯಾರೂ ನೋಡಿರಲಿಲ್ಲ. ಅದಕ್ಕೂ ಮೊದಲು, ಒಂಬತ್ತು ತಿಂಗಳು ಮೂತ್ರ ತಡೆಯುವ ಸ್ನಾಯುಗಳಿಗೆ ನಾನು ಒಂದು ದಿನವೂ ಕೆಲಸ ಕೊಟ್ಟಿರಲಿಲ್ಲ.

ಎರಡನೇ ಹೆರಿಗೆಗೂ ಎಪಿಡ್ಯೂರಲ್ ತೆಗೆದುಕೊಂಡೆ. ತಯಾರಿ ಮಾತ್ರ ಬೇರೆ ಇತ್ತು. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮೈಯನ್ನು ಪರೀಕ್ಷೆ ಮಾಡಿದವರ ಮಾತೇ ಕೊನೆಯ ಮಾತು.

ಶುರುವಿಗೆ ಮುಂಚೆ

ಎಪಿಡ್ಯೂರಲ್ ಅಂದರೆ ಬೆನ್ನಿನಲ್ಲಿ ಸೂಜಿ ಇಟ್ಟುಕೊಂಡು ಮಲಗುವುದಲ್ಲ. ಕೆಳಬೆನ್ನಿನ ಎರಡು ಮೂಳೆಗಳ ನಡುವೆ ಸೂಜಿ ಹಾಕುತ್ತಾರೆ. ಅದರ ಒಳಗಿನಿಂದ ತೆಳ್ಳಗಿನ ಟ್ಯೂಬ್ ಬಿಡುತ್ತಾರೆ. ಆಮೇಲೆ ಸೂಜಿಯನ್ನು ತೆಗೆದುಬಿಡುತ್ತಾರೆ. ಟ್ಯೂಬ್ ಉಳಿಯುವುದರಿಂದ ಹೆರಿಗೆ ಎಷ್ಟು ಹೊತ್ತು ಎಳೆದರೂ ಮದ್ದು ಕೊಡುತ್ತಾ ಇರಬಹುದು. ಸಾಮಾನ್ಯವಾಗಿ ಮರಗಟ್ಟಿಸುವ ಮದ್ದಾದ ಬ್ಯುಪಿವಕೇನ್ ಅಥವಾ ರೋಪಿವಕೇನ್, ಜೊತೆಗೆ ನೋವು ಇಳಿಸುವ ಫೆಂಟನಿಲ್ ಸ್ವಲ್ಪ. ಸಿಸೇರಿಯನ್‌ಗೆ ಕೊಡುವ ಸ್ಪೈನಲ್ ಇದಲ್ಲ. ಅದು ಒಂದೇ ಸಲದ ಚುಚ್ಚು, ಕಾಲು ಪೂರ್ತಿ ಮರಗಟ್ಟುತ್ತದೆ. ಹೆರಿಗೆಯ ಎಪಿಡ್ಯೂರಲ್‌ನಲ್ಲಿ ಮದ್ದು ತೆಳು. ನೋವು ಇಳಿಯುತ್ತದೆ, ಒತ್ತಡ ಮಾತ್ರ ತಿಳಿಯುತ್ತದೆ. ಕಾಲು ಭಾರ ಅನಿಸಿದರೂ ಸಾಮಾನ್ಯವಾಗಿ ಅಲ್ಲಾಡಿಸಲು ಬರುತ್ತದೆ. ನಮ್ಮ ಕಡೆಯ ಆಸ್ಪತ್ರೆಗಳು ಇದನ್ನು 'ಪೈನ್‌ಲೆಸ್ ಡೆಲಿವರಿ' ಅಂತ ಬೋರ್ಡ್ ಹಾಕುತ್ತವೆ. ನೋವು ಪೂರ್ತಿ ಸೊನ್ನೆ ಆಗುತ್ತದೆ ಅಂದುಕೊಳ್ಳಬೇಡಿ.

ಇನ್ನು ಪೆಲ್ವಿಕ್ ಫ್ಲೋರ್. ನಾನು 'ತಳದ ಸ್ನಾಯು' ಅನ್ನುತ್ತೇನೆ. ಸೀರೆಯ ತೊಟ್ಟಿಲು ಕಟ್ಟುತ್ತೇವಲ್ಲ, ಹಾಗೆ ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ತೂಗಿದ ಸ್ನಾಯುಗಳ ಹಾಸು. ಮೂತ್ರಚೀಲ, ಗರ್ಭಕೋಶ, ಗುದದ ಭಾಗ ಎಲ್ಲವೂ ಅದರ ಮೇಲೆ ಕುಳಿತಿವೆ. ಬಸುರಿನ ಭಾರದಲ್ಲೇ ಅದು ಸಡಿಲವಾಗುತ್ತದೆ. ಅದಕ್ಕೇ ಸಿಸೇರಿಯನ್ ಆದವರಿಗೂ ಕೆಮ್ಮಿದಾಗ ಹನಿ ಜಾರುವುದುಂಟು. ದೊಡ್ಡ ಮಗು, ತುಂಬಾ ಹೊತ್ತು ತಿಣುಕುವುದು, ಎಲ್ಲಕ್ಕಿಂತ ಜಾಸ್ತಿ ಫೋರ್ಸೆಪ್ಸ್ (ಇಕ್ಕಳದಿಂದ ಮಗುವಿನ ತಲೆ ಹಿಡಿದು ಎಳೆಯುವ) ಹೆರಿಗೆ, ಇವು ಅದನ್ನು ಹರಿಯುವ ಮಟ್ಟಕ್ಕೆ ಎಳೆಯಬಹುದು.

ಎಪಿಡ್ಯೂರಲ್‌ಗೂ ಇದಕ್ಕೂ ಏನು ಸಂಬಂಧ? 11,000ಕ್ಕೂ ಹೆಚ್ಚು ಹೆಂಗಸರ ಮಾಹಿತಿ ಸೇರಿಸಿ 2018ರಲ್ಲಿ ಬಂದ ಕೊಕ್ರೇನ್ ಸಮೀಕ್ಷೆ ಇದೆ, ಅಂದರೆ ಹಲವು ಪ್ರಯೋಗಗಳ ಫಲವನ್ನು ಒಟ್ಟಿಗೆ ತೂಗಿ ನೋಡಿದ್ದು. ಎಪಿಡ್ಯೂರಲ್ ಪಡೆದವರಲ್ಲಿ ಸಿಸೇರಿಯನ್ ಹೆಚ್ಚಿಲ್ಲ, ಬಹುಕಾಲದ ಬೆನ್ನುನೋವೂ ಹೆಚ್ಚಿಲ್ಲ. ವ್ಯಾಕ್ಯೂಮ್ (ತಲೆಗೆ ಬಟ್ಟಲು ಅಂಟಿಸಿ ಎಳೆಯುವುದು), ಫೋರ್ಸೆಪ್ಸ್ ಮಾತ್ರ ಒಟ್ಟಿನಲ್ಲಿ ಹೆಚ್ಚು ಕಂಡವು. ಆದರೆ 2005ರ ನಂತರದ ಪ್ರಯೋಗಗಳನ್ನಷ್ಟೇ ನೋಡಿದರೆ ಆ ವ್ಯತ್ಯಾಸವೂ ಕಾಣಲಿಲ್ಲ. ಈಗ ಮದ್ದಿನ ಪ್ರಮಾಣ ಕಡಿಮೆ ಮಾಡಿದ್ದಾರೆ ಅಲ್ವಾ. ಅತ್ತೆಗೆ ಇದನ್ನು ಓದಿ ಹೇಳಿದೆ. "ಹಾಗಾದರೆ ನಿನ್ನ ಸೊಂಟ ಯಾಕೆ ನೋಯುತ್ತದೆ?" ಅಂದರು. ಮಗುವನ್ನು ಒಂದೇ ಮಗ್ಗುಲಿಗೆ ಎತ್ತಿಕೊಂಡು ಬಗ್ಗಿ ಕೂತು ಹಾಲು ಕೊಟ್ಟರೆ ಯಾರ ಸೊಂಟವೂ ನೋಯುತ್ತದೆ. ಸೂಜಿ ಚುಚ್ಚಿದ ಜಾಗ ನಾಲ್ಕು ದಿನ ಮುಟ್ಟಿದರೆ ನೋಯುವುದು ನಿಜ, ಅಷ್ಟೇ.

ಏಳನೇ ತಿಂಗಳು: ಆಸ್ಪತ್ರೆಗೆ ಒಂದು ಪ್ರಶ್ನೆ

"ಎಪಿಡ್ಯೂರಲ್ ಇದೆಯಾ?" ಅಂತ ಕೇಳಬೇಡಿ. ಎಲ್ಲರೂ ಇದೆ ಅನ್ನುತ್ತಾರೆ. "ರಾತ್ರಿ ಎರಡು ಗಂಟೆಗೆ ಇದೆಯಾ?" ಅಂತ ಕೇಳಿ. ಸಿಸೇರಿಯನ್ ಇದ್ದರೆ ಅನಸ್ತೇಶಿಯಾ ಡಾಕ್ಟರನ್ನು ಫೋನ್ ಮಾಡಿ ಕರೆಸಿಕೊಳ್ಳುವ ಆಸ್ಪತ್ರೆಗಳಿವೆ. ಎಪಿಡ್ಯೂರಲ್‌ಗೆ ಹಾಗೆ ನಡೆಯುವುದಿಲ್ಲ. ಟ್ಯೂಬ್ ಹಾಕಿದ ಮೇಲೆ ಗಂಟೆಗಟ್ಟಲೆ ಬಿಪಿ ನೋಡಬೇಕು, ಮಗುವಿನ ಎದೆಬಡಿತ ನೋಡಬೇಕು, ಮದ್ದು ಹೆಚ್ಚುಕಡಿಮೆ ಮಾಡಬೇಕು. ಆ ಡಾಕ್ಟರ್ ಕರೆದರೆ ತಕ್ಷಣ ಸಿಗುವಷ್ಟು ಹತ್ತಿರ ಇರಬೇಕು. ಖರ್ಚು ಹೆರಿಗೆಯ ಪ್ಯಾಕೇಜ್ ಒಳಗೋ ಹೊರಗೋ ಅನ್ನುವುದನ್ನೂ ಆಗಲೇ ಕೇಳಿಬಿಡಿ.

ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಇನ್ನೊಂದು ತಲೆಬಿಸಿ ಇದೆ. ಕಾಸರಗೋಡು ಪೇಟೆಯಲ್ಲಾ, ಕಾಞಂಗಾಡಾ, ಇಲ್ಲ ಗಡಿ ದಾಟಿ ಮಂಗಳೂರಾ? ಮಂಗಳೂರು ಅಂದರೆ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಬದಿಯಡ್ಕ, ಪೆರ್ಲದ ಕಡೆಯ ಒಳಗಿನ ಮನೆಯಾದರೆ ಹೆದ್ದಾರಿ ಮುಟ್ಟುವುದಕ್ಕೇ ಹೊತ್ತು ಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಸಮಯಕ್ಕೆ ತಲಪಾಡಿಯ ಗಡಿ ಮುಚ್ಚಿದ್ದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಅಂದಿನಿಂದ ನಮ್ಮ ಮನೆಯ ರೂಢಿ ಅಂದರೆ ಗಡಿಯ ಆಚೆ ಒಂದು, ಈಚೆ ಒಂದು, ಎರಡು ಆಸ್ಪತ್ರೆ ಗೊತ್ತುಮಾಡಿ ಇಡುವುದು. ಎರಡರಲ್ಲೂ ಒಮ್ಮೆ ತೋರಿಸಿ ಫೈಲ್ ಮಾಡಿಸಿಡಿ. ಕೇರಳದ ವಿಮಾ ಕಾರ್ಡ್ ಆಚೆ ನಡೆಯುತ್ತದೆಯೇ ಅನ್ನುವುದನ್ನು ಬಿಲ್ ಕೌಂಟರಿನಲ್ಲೇ ಕೇಳಿ, ಪರಿಚಯದವರ ಮಾತು ನಂಬಬೇಡಿ.

ಸಾಧ್ಯವಾದರೆ ಅನಸ್ತೇಶಿಯಾ ಡಾಕ್ಟರನ್ನು ಮೊದಲೇ ಒಮ್ಮೆ ಕಾಣಿ. ರಕ್ತ ತೆಳುವಾಗಲು ಹೆಪಾರಿನ್ ಚುಚ್ಚಿಸಿಕೊಳ್ಳುತ್ತಿದ್ದರೆ ಹೇಳಲೇಬೇಕು. ಕೊನೆಯ ಡೋಸ್ ಆದಮೇಲೆ ಇಂತಿಷ್ಟು ಗಂಟೆ ಕಾಯಬೇಕಾಗುತ್ತದೆ. ಬೆನ್ನುಮೂಳೆ ಡೊಂಕಿದ್ದರೆ, ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ. ಪ್ಲೇಟ್‌ಲೆಟ್ ಎಣಿಕೆಯ ಹೊಸ ರಿಪೋರ್ಟ್ ಕೈಯಲ್ಲಿರಲಿ. ಮಳೆಗಾಲದಲ್ಲಿ ಡೆಂಗಿ ಬಂದರೆ ಇದು ಇಳಿಯುತ್ತದೆ. 70,000–80,000ಕ್ಕಿಂತ ಕೆಳಗೆ ಹೋದರೆ ಡಾಕ್ಟರುಗಳು ಸಾಮಾನ್ಯವಾಗಿ ಸೂಜಿ ಹಾಕಲು ಹಿಂಜರಿಯುತ್ತಾರೆ. ಒಳಗೆ ರಕ್ತ ಕಟ್ಟಬಹುದು ಅನ್ನುವ ಹೆದರಿಕೆ.

ಈಗಿನಿಂದಲೇ: ಸ್ನಾಯು ಹುಡುಕಿ

ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ 1948ರಲ್ಲಿ ತಳದ ಸ್ನಾಯು ಬಿಗಿದು ಬಿಡುವ ಈ ವ್ಯಾಯಾಮದ ಬಗ್ಗೆ ಬರೆದರು. ಅವರ ಹೆಸರೇ ಉಳಿಯಿತು. ಬಸುರಿನಲ್ಲೇ ಶುರುಮಾಡಿದರೆ ಕೊನೆಯ ತಿಂಗಳುಗಳಲ್ಲೂ ಹೆರಿಗೆಯ ನಂತರವೂ ಮೂತ್ರ ಜಾರುವುದು ಕಡಿಮೆಯಾಗುತ್ತದೆ.

ಮೊದಲ ಕೆಲಸ, ಸರಿಯಾದ ಸ್ನಾಯು ಸಿಗುವುದು. ಮಗ್ಗುಲಾಗಿ ಮಲಗಿ. ಜನರ ನಡುವೆ ಕೂತಿದ್ದೀರಿ, ಗಾಳಿ ಹೋಗುವ ಹಾಗಾಯಿತು. ಆಗ ಏನು ಮಾಡುತ್ತೀರಿ? ಗುದದ ಸುತ್ತ ಬಿಗಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುತ್ತೀರಿ. ಅದೇ ಸ್ನಾಯು. ಆ ಬಿಗಿತವನ್ನು ನಿಧಾನ ಮುಂದಕ್ಕೆ, ಮೂತ್ರದ ದಾರಿಯವರೆಗೆ ತನ್ನಿ. ಕುಂಡೆ ಬಿಗಿಯಬಾರದು, ತೊಡೆ ಒತ್ತಬಾರದು, ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ಅರ್ಧಕ್ಕೆ ನಿಲ್ಲಿಸಿ ನೋಡುವುದು ಬೇಕಿದ್ದರೆ ಒಂದು ಸಲ ಪರೀಕ್ಷೆಗೆ ಸರಿ. ದಿನಾ ಹಾಗೆ ಮಾಡಬೇಡಿ, ಮೂತ್ರಚೀಲ ಪೂರ್ತಿ ಖಾಲಿಯಾಗದೆ ತೊಂದರೆ ಆಗುತ್ತದೆ.

ಬಿಗಿದು ಮೂರು ಸೆಕೆಂಡ್ ಹಿಡಿಯಿರಿ, ಬಿಡಿ. ವಾರ ಕಳೆದ ಹಾಗೆ ಹತ್ತು ಸೆಕೆಂಡ್‌ವರೆಗೆ ಹೋಗಿ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ. ಕೊನೆಗೆ ಬೇಗ ಬೇಗ ಬಿಗಿದು ಬಿಡುವುದು ಹತ್ತು ಇರಲಿ. ನಾನು ಬೆಳಿಗ್ಗೆ ಚಾ ಕುದಿಯುವಾಗ, ಮಧ್ಯಾಹ್ನ ಬಸ್ಸಿನಲ್ಲಿ, ರಾತ್ರಿ ಹಾಸಿಗೆಯಲ್ಲಿ ಮಾಡುತ್ತಿದ್ದೆ. ಯಾರಿಗೂ ಗೊತ್ತಾಗದ ವ್ಯಾಯಾಮ ಇದೊಂದೇ.

ನನಗೆ ಯಾರೂ ಮೊದಲು ಹೇಳದ ಮಾತು ಇನ್ನೊಂದಿದೆ. ಬಿಗಿಯುವುದಷ್ಟೇ ಕಲಿತರೆ ಸಾಲದು, ಬಿಡುವುದನ್ನೂ ಕಲಿಯಬೇಕು. ಮಗು ಬರುವಾಗ ಆ ಸ್ನಾಯು ಸಡಿಲವಾಗಿ ದಾರಿ ಕೊಡಬೇಕು. ಪ್ರತಿ ಸಲ ಬಿಗಿದ ಮೇಲೆ ಉಸಿರು ಹೊರಬಿಡುತ್ತಾ, ಪೂರ್ತಿ ಬಿಟ್ಟದ್ದು ತಿಳಿಯುವವರೆಗೆ ಕಾಯಿರಿ. ಹಿಡಿದಷ್ಟೇ ಹೊತ್ತು ಬಿಡಿ. ಎಪಿಡ್ಯೂರಲ್ ಹಾಕಿದ ಮೇಲೆ ಅಲ್ಲಿನ ಸ್ಪರ್ಶ ಮಂಕಾಗಿರುತ್ತದೆ. ಆಗ ಕೈ ಹಿಡಿಯುವುದು ಈ ಅಭ್ಯಾಸ.

34ನೇ ವಾರ: ಎಣ್ಣೆ

ಚೊಚ್ಚಲ ಹೆರಿಗೆಯವರಿಗೆ ಇದು ಜಾಸ್ತಿ ಪ್ರಯೋಜನ. ಉಗುರು ಕತ್ತರಿಸಿ, ಕೈ ತೊಳೆದು, ಶುದ್ಧ ತೆಂಗಿನೆಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯ ಒಳಗೆ ಒಂದಿಂಚಿನಷ್ಟು ಇಟ್ಟು, ಕೆಳಕ್ಕೂ ಎರಡು ಬದಿಗೂ ಮೆಲ್ಲ ಒತ್ತಿ ಸವರುವುದು. ಐದು ನಿಮಿಷ, ವಾರಕ್ಕೆ ಒಂದೆರಡು ಸಲ ಸಾಕು. ಹೊಲಿಗೆ ಬೀಳುವಂಥ ಗಾಯ ಕಡಿಮೆಯಾಗುತ್ತದೆ. ರಕ್ತಸ್ರಾವ ಇದ್ದರೆ, ಮಾಸು ಕೆಳಗಿದೆ ಅಂದಿದ್ದರೆ, ಸೋಂಕಿದ್ದರೆ, ನೀರು ಹೋಗಿದ್ದರೆ ಬೇಡ.

ಬೇನೆ ಬಂದ ದಿನ

ಗರ್ಭಕೋಶದ ಬಾಯಿ ಇಷ್ಟು ಸೆಂಟಿಮೀಟರ್ ತೆರೆಯಬೇಕು, ಆಮೇಲೆ ಮಾತ್ರ ಎಪಿಡ್ಯೂರಲ್ ಅನ್ನುವ ಹಳೆಯ ಲೆಕ್ಕ ಈಗ ಇಲ್ಲ. ಸರಿಯಾದ ಹೆರಿಗೆ ಬೇನೆ ಶುರುವಾಗಿ, ನಿಮಗೆ ಬೇಕು ಅನಿಸಿದರೆ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಶಿಫಾರಸಿನಲ್ಲಿ, ನೋವು ಕಡಿಮೆ ಮಾಡಿ ಅಂತ ಕೇಳುವ ಆರೋಗ್ಯವಂತ ಬಸುರಿಯರಿಗೆ ಎಪಿಡ್ಯೂರಲ್ ಕೊಡಬಹುದು ಅಂದಿದೆ. ತೀರಾ ಕೊನೆಗೆ ಕೇಳಿದರೆ ಮಾತ್ರ ಮದ್ದು ಹಿಡಿಯುವ ಮೊದಲೇ ಮಗು ಬಂದಿರುತ್ತದೆ.

ಮಂಚದ ಅಂಚಿನಲ್ಲಿ ಕೂರಿಸುತ್ತಾರೆ, ಇಲ್ಲವೇ ಮಗ್ಗುಲಿಗೆ ಮಲಗಿಸುತ್ತಾರೆ. ಗದ್ದ ಎದೆಗೆ, ಭುಜ ಸಡಿಲ, ಬೆನ್ನು ಬಿಲ್ಲಿನ ಹಾಗೆ ಹೊರಕ್ಕೆ. ಮೊದಲು ಚರ್ಮ ಮರಗಟ್ಟಿಸುವ ಸಣ್ಣ ಚುಚ್ಚು ಚುರುಕ್ ಅನ್ನುತ್ತದೆ. ಆಮೇಲೆ ಒತ್ತಡ ಮಾತ್ರ. ನಡುವೆ ಬೇನೆ ಬಂದರೆ ಬಾಯಿಬಿಟ್ಟು ಹೇಳಿ, ಅವರು ನಿಲ್ಲಿಸುತ್ತಾರೆ. ಕಾಲಿಗೆ ಫಕ್ಕನೆ ಕರೆಂಟ್ ಹೊಡೆದ ಹಾಗಾದರೂ ಹೇಳಿ, ಜಿಗಿಯಬೇಡಿ. ಹಾಕಲು ಹತ್ತು ನಿಮಿಷ, ಮದ್ದು ಹಿಡಿಯಲು ಹದಿನೈದು–ಇಪ್ಪತ್ತು ನಿಮಿಷ.

ಕಾಸರಗೋಡಿನ ಆಸ್ಪತ್ರೆಗಳಲ್ಲಿ ಸಿಸ್ಟರುಗಳು ಹೆಚ್ಚಾಗಿ ಮಲಯಾಳದವರು. ಪುತ್ತೂರು, ಸುಳ್ಯದ ಕಡೆಯಿಂದ ಮದುವೆಯಾಗಿ ಬಂದವರು ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು. 'ಅನಙ್ಙರುದ್' ಅಂದರೆ ಅಲ್ಲಾಡಬೇಡ. 'ಚೆರಿಞ್ಞು ಕಿಡಕ್ಕ್' ಅಂದರೆ ಮಗ್ಗುಲಾಗಿ ಮಲಗು. 'ಮುಕ್ಕ್' ಅಂದರೆ ತಿಣುಕು. 'ಮೂತ್ರಂ ಒಳಿಚ್ಚೋ?' ಅಂದರೆ ಮೂತ್ರ ಮಾಡಿದೆಯಾ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳದಿದ್ದರೆ ನೀವೇ ನೆನಪಿಸಿ.

ಆಗುವಂಥದ್ದನ್ನು ಮುಚ್ಚಿಡುವುದಿಲ್ಲ. ಬಿಪಿ ಇಳಿಯಬಹುದು, ಅದಕ್ಕೇ ಡ್ರಿಪ್ ಹಾಕಿರುತ್ತಾರೆ. ಮೈ ತುರಿಸಬಹುದು, ನಡುಗಬಹುದು, ಜ್ವರ ಬರಬಹುದು. ಬ್ರಿಟನ್‌ನ ಹೆರಿಗೆ ಅನಸ್ತೇಶಿಯಾ ಡಾಕ್ಟರುಗಳ ಸಂಘ ಬಸುರಿಯರಿಗೆ ಕೊಡುವ ಲೆಕ್ಕದಲ್ಲಿ, 8 ಜನರಲ್ಲಿ ಒಬ್ಬರಿಗೆ ಇದೊಂದೇ ಸಾಕಾಗದೆ ಬೇರೆ ಉಪಾಯ ಬೇಕಾಗುತ್ತದೆ. 100ರಲ್ಲಿ ಒಬ್ಬರಿಗೆ ಜೋರು ತಲೆನೋವು. ಆರು ತಿಂಗಳು ದಾಟಿಯೂ ಉಳಿಯುವ ನರದ ತೊಂದರೆ ಸುಮಾರು 13,000ದಲ್ಲಿ ಒಬ್ಬರಿಗೆ. ಒಂದೇ ಬದಿಗೆ ಮದ್ದು ಹಿಡಿದರೆ ನೋಯುವ ಬದಿಗೆ ಮಗ್ಗುಲಾಗಿ ನೋಡಿ, ಅನಸ್ತೇಶಿಯಾ ಡಾಕ್ಟರನ್ನು ಕರೆಸಿ. ಅವರು ಬೆನ್ನಿನ ಟ್ಯೂಬ್ ಸ್ವಲ್ಪ ಎಳೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಮೂತ್ರಚೀಲಕ್ಕೆ. ಡ್ರಿಪ್ ಹನಿಯುತ್ತಾ ಇರುತ್ತದೆ, ಚೀಲ ತುಂಬುತ್ತಾ ಇರುತ್ತದೆ, ತುಂಬಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ಖಾಲಿ ಮಾಡಿಸಬೇಕು. ಬೆಡ್‌ಪ್ಯಾನ್‌ನಲ್ಲಿ ಬಾರದಿದ್ದರೆ ಮೂತ್ರದ ಟ್ಯೂಬ್ ಹಾಕಿ ತೆಗೆಯುತ್ತಾರೆ. ಅಮ್ಮನೋ ಅತ್ತೆಯೋ ಗಂಡನೋ, ಜೊತೆಗಿದ್ದವರು ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಲಿ. ಅವರಿಗೂ ಕೈಗೊಂದು ಕೆಲಸ ಇರುತ್ತದೆ.

ತಿಣುಕುವ ಹೊತ್ತು

ಕೂತರೆ ಭಾರ ಕೆಳಗೆ ಎಳೆದು ಮಗು ಬೇಗ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಎಪಿಡ್ಯೂರಲ್ ಇಲ್ಲದಾಗ ಆ ಮಾತಿಗೆ ಬೆಲೆ ಇದೆ. ಎಪಿಡ್ಯೂರಲ್ ಇದ್ದ ಚೊಚ್ಚಲ ಹೆರಿಗೆಯವರನ್ನು ಬ್ರಿಟನ್‌ನಲ್ಲಿ ಹೋಲಿಸಿ ನೋಡಿ 2017ರಲ್ಲಿ ಪ್ರಕಟಿಸಿದರು. ಮಗ್ಗುಲಾಗಿ ಮಲಗಿದವರಲ್ಲಿ ನೂರಕ್ಕೆ 41 ಮಂದಿಗೆ ವ್ಯಾಕ್ಯೂಮ್, ಫೋರ್ಸೆಪ್ಸ್ ಇಲ್ಲದೆ ಸಹಜವಾಗಿ ಹೆರಿಗೆ ಆಯಿತು. ನೆಟ್ಟಗೆ ಇದ್ದವರಲ್ಲಿ 35. ಹಾಗಾಗಿ ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟು ತಿಣುಕಬಹುದೇ ಅಂತ ಕೇಳಿ. ಅಂಗಾತ ಮಲಗಿಸಿ ಕಾಲು ಕಟ್ಟುವುದೇ ರೂಢಿಯಾದ ಕಡೆ ಒಪ್ಪಲಿಕ್ಕಿಲ್ಲ. ಕೇಳುವುದಕ್ಕೆ ದುಡ್ಡಿಲ್ಲವಲ್ಲ.

ತಲೆ ಕಾಣುವಾಗ ಅಡಿಭಾಗಕ್ಕೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಒತ್ತಿ ಹಿಡಿದರೆ ಗುದದವರೆಗೆ ಹರಿಯುವ ದೊಡ್ಡ ಗಾಯ ಕಡಿಮೆಯಾಗುತ್ತದೆ. ಮೈ ಮಂಕಾಗಿರುವುದರಿಂದ ಬಟ್ಟೆಯ ಬಿಸಿಯನ್ನು ಸಿಸ್ಟರ್ ತಮ್ಮ ಕೈಗೆ ಮುಟ್ಟಿಸಿ ನೋಡಬೇಕು. ಆ ಹೊತ್ತಿನಲ್ಲಿ ಅವರು "ನಿಲ್ಲಿಸು" ಅಂದರೆ ತಿಣುಕುವುದನ್ನು ನಿಲ್ಲಿಸಿ. ಬಿಸಿ ಗಂಜಿ ಊದಿದ ಹಾಗೆ ಬಾಯಲ್ಲಿ ಉಸಿರು ಬಿಡಿ, ತಲೆ ಮೆಲ್ಲ ಬರಲಿ.

ಹೆರಿಗೆಯಾದ ಮೇಲಿನ ಆರು ಗಂಟೆ

ನನ್ನ ಮೊದಲ ಹೆರಿಗೆ ಕೆಟ್ಟದ್ದು ಇಲ್ಲೇ. ಮಗುವನ್ನು ನೋಡಲು ಜನ ಬಂದರು, ಸ್ವೀಟ್ ಹಂಚಿದರು, ಫೋನ್ ಮೇಲೆ ಫೋನ್. ನನ್ನ ಹೊಟ್ಟೆ ಇನ್ನೂ ಊದಿಕೊಂಡೇ ಇತ್ತು. ಗರ್ಭಕೋಶ ಇಳಿಯಲು ಹೊತ್ತು ಬೇಕು ಅಂದರು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಕೈ ಇಟ್ಟು ನೋಡಿ, ಇದು ಮೂತ್ರ ಅಂದರು. ಟ್ಯೂಬ್ ಹಾಕಿದರೆ ಪಾತ್ರೆ ತುಂಬಿ ಇನ್ನೊಂದು ತರಬೇಕಾಯಿತು. ಹಾಗೆ ಹಿಗ್ಗಿದ ಚೀಲ ಮತ್ತೆ ಸರಿಯಾಗಿ ಕುಗ್ಗಲು ದಿನಗಟ್ಟಲೆ ಹಿಡಿಯಬಹುದು.

ಹೆರಿಗೆಯಾಗಿ, ಅಥವಾ ಮೂತ್ರದ ಟ್ಯೂಬ್ ತೆಗೆದು, ಆರು ಗಂಟೆಯೊಳಗೆ ಒಂದು ಸಲ ಚೆನ್ನಾಗಿ ಮೂತ್ರ ಹೋಗಬೇಕು. ಚಮಚದಷ್ಟು ಹೋದದ್ದು ಲೆಕ್ಕಕ್ಕಿಲ್ಲ. ಅಳತೆ ಪಾತ್ರೆ ಕೇಳಿ, 200 ಮಿಲಿಲೀಟರ್ ಆದರೂ ಬರಲಿ. ಹೋಗದಿದ್ದರೆ ಆಗಲೇ ಹೇಳಿ, ಬೆಳಗಾಗಲಿ ಅಂತ ಕಾಯಬೇಡಿ. ಮೊದಲ ಸಲ ಏಳುವಾಗ ಒಬ್ಬರು ಹಿಡಿದುಕೊಂಡಿರಲಿ, ಕಾಲು ನಂಬುವ ಹಾಗಿರುವುದಿಲ್ಲ.

ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಇಳಿಯುವ ತಲೆನೋವು ಒಂದೆರಡು ದಿನದಲ್ಲಿ ಬಂದರೆ ಅದು ಸೂಜಿಯಿಂದ ಆಗಿರಬಹುದು. ಮನೆಮದ್ದು ಬೇಡ, ಆಸ್ಪತ್ರೆಗೆ ಫೋನ್ ಮಾಡಿ. ನಿಮ್ಮದೇ ರಕ್ತವನ್ನು ಸ್ವಲ್ಪ ತೆಗೆದು ಅದೇ ಜಾಗಕ್ಕೆ ಹಾಕಿ ತೂತು ಮುಚ್ಚುವ ಚಿಕಿತ್ಸೆ ಇದೆ. ಜ್ವರದ ಜೊತೆ ಬೆನ್ನುನೋವು, ಮದ್ದಿನ ಪ್ರಭಾವ ಇಳಿದ ಮೇಲೂ ಕಾಲಿನ ಸೋಲು, ಮಲಮೂತ್ರದ ಹಿಡಿತ ಹೋಗುವುದು, ಇವು ಕಂಡರೆ ಅದೇ ಗಂಟೆಯಲ್ಲಿ ಹೊರಡಿ.

ಬಾಣಂತನದ ನಲವತ್ತು ದಿನ

ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ನೀರಿಲ್ಲ, ಸೊಪ್ಪು ತರಕಾರಿ ಇಲ್ಲ, ಬರೀ ತುಪ್ಪ ಅನ್ನ ಅಂದರೆ ಮಲ ಗಟ್ಟಿ. ಗಟ್ಟಿ ಅಂದರೆ ತಿಣುಕು. ತಿಣುಕಿದರೆ ಆ ಸ್ನಾಯುವಿನ ಮೇಲೇ ಭಾರ. ಜಗಳ ಮಾಡದೆ ನಾನು ಮಾಡಿದ್ದು ಇಷ್ಟೇ: ಜೀರಿಗೆ ಹಾಕಿ ಕುದಿಸಿದ ನೀರಿನ ಫ್ಲಾಸ್ಕ್ ಮಂಚದ ಪಕ್ಕ ಇಟ್ಟುಕೊಂಡೆ. ಜೀರಿಗೆ ನೀರಿಗೆ ಅತ್ತೆಯ ಅಡ್ಡಿ ಇರಲಿಲ್ಲ. ಕಮೋಡ್ ಆದರೆ ಕಾಲಡಿಗೆ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವ ಹಾಗೆ ಕೂರಿ.

ಹೊಟ್ಟೆಗೆ ಬಟ್ಟೆ ಕಟ್ಟುವುದು ಬೇಡ ಅನ್ನುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಎಲ್ಲಿಗೆ ಹೋಗಬೇಕು? ಕೆಳಕ್ಕೇ. ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಕೊಡಪಾನ, ಅಡಿಕೆ ಬುಟ್ಟಿ, ಸೊಪ್ಪಿನ ಕಟ್ಟ ಯಾವುದನ್ನೂ ಆರು ವಾರ ಎತ್ತಬೇಡಿ. ಮಗುವಿನಷ್ಟು ಭಾರವೇ ಮಿತಿ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಿ.

ಮೂತ್ರದ ಟ್ಯೂಬ್ ತೆಗೆದು, ಮೂತ್ರ ಸರಿಯಾಗಿ ಹೋಗಲು ಶುರುವಾದ ಮೇಲೆ ಸ್ನಾಯು ಬಿಗಿಯುವುದನ್ನು ಮತ್ತೆ ಮೆಲ್ಲ ಶುರುಮಾಡಿ. ಹೊಲಿಗೆ ಇದ್ದರೂ ನೋವಾಗದಷ್ಟು ಮಾಡಬಹುದು. ಮೊದಮೊದಲು ಏನೂ ಬಿಗಿದ ಹಾಗೆ ಅನಿಸುವುದಿಲ್ಲ, ಬಿಡಬೇಡಿ. ಕೆಮ್ಮು, ಸೀನು ಬರುವ ಕ್ಷಣಕ್ಕೆ ಮೊದಲೇ ಬಿಗಿದುಕೊಳ್ಳುವುದನ್ನು ರೂಢಿ ಮಾಡಿ. ನನಗೆ ಎಲ್ಲಕ್ಕಿಂತ ಬೇಗ ಫಲ ಕೊಟ್ಟದ್ದು ಇದೇ.

ಯಾವಾಗ ತೋರಿಸಬೇಕು?

ಗಾಳಿ ಅಥವಾ ಮಲ ತಡೆಯಲು ಆಗದಿದ್ದರೆ ಕಾಯಲೇಬೇಡಿ, ಅದೇ ವಾರ ಡಾಕ್ಟರ್ ಹತ್ತಿರ ಹೋಗಿ. ಗುದದ ಸ್ನಾಯು ಹರಿದದ್ದು ಹೆರಿಗೆಯ ದಿನ ಕಣ್ಣಿಗೆ ಬೀಳದೆ ಹೋಗಿರಬಹುದು. ಕೆಳಗೆ ಏನೋ ಉಂಡೆ ಜಾರಿ ಬಂದ ಹಾಗೆ ಅನಿಸಿದರೂ ತೋರಿಸಿ. ಬರೀ ಹನಿ ಜಾರುವುದಾದರೆ ಮೂರು ತಿಂಗಳು ಬಿಡದೆ ವ್ಯಾಯಾಮ ಮಾಡಿ ನೋಡಬಹುದು. ಆಮೇಲೂ ನಿಲ್ಲದಿದ್ದರೆ, ಪೆಲ್ವಿಕ್ ಫ್ಲೋರ್ ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಎಷ್ಟೋ ಜನ ತಪ್ಪು ಸ್ನಾಯುವನ್ನು ಬಿಗಿಯುತ್ತಾ ಇರುತ್ತಾರೆ. ನಾನೂ ತಿಂಗಳುಗಟ್ಟಲೆ ಹೊಟ್ಟೆಯನ್ನೇ ಬಿಗಿಯುತ್ತಿದ್ದೆ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರು, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ವಿಚಾರಿಸಿ.

ಹೋಗುವ ಮೊದಲು ಮೂರು ದಿನ ಒಂದು ಕಾಗದದಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಯಾವಾಗ, ಏನು ಮಾಡುವಾಗ ಜಾರಿತು. ಬಾಯಲ್ಲಿ ಹೇಳಲು ನಾಚಿಕೆಯಾದರೆ ಆ ಕಾಗದವನ್ನು ಮೇಜಿನ ಮೇಲೆ ಇಡಿ, ಸಾಕು.